‘ನಾನು ಜೊತೆಗಿದ್ದೆ ಅಷ್ಟೇ’ ಅನ್ನುವ ಮುನ್ನ

ತಮ್ಮಂದಿರಾ, ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಎಷ್ಟೋ ತೋಟದ ಮನೆಗಳಲ್ಲಿ ಈಗ ವಯಸ್ಸಾದವರಷ್ಟೇ ಇದ್ದಾರೆ. ಅಡಿಕೆ, ಕೊಬ್ಬರಿ ಮಾರಿದ ದುಡ್ಡು ಮನೆಯಲ್ಲಿದೆ ಅನ್ನುವುದು ಊರಿಗೆಲ್ಲ ಗೊತ್ತಿರುತ್ತದೆ. ಸಾಲಕ್ಕೆ ಸಿಕ್ಕಿದ ಹುಡುಗರಲ್ಲಿ ಯಾವನೋ ಒಬ್ಬ, ‘ಸುಮ್ನೆ ಹೆದರಿಸಿ ಸರ ಕಿತ್ಕೊಂಡು ಬರೋಣ, ಯಾರಿಗೂ ಏನೂ ಮಾಡೋದು ಬೇಡ’ ಅನ್ನುತ್ತಾನೆ. ಆ ಮಾತು ನಿಮ್ಮ ಕಿವಿಗೆ ಬೀಳುವ ಮೊದಲೇ ನನ್ನ ಮಾತು ಬೀಳಲಿ.

ಸುಲಿಗೆ ಬೇರೆ, ಕೊಲೆ ಬೇರೆ. ಒಂದೇ ಮನೆಯಲ್ಲಿ, ಒಂದೇ ಗಳಿಗೆಯಲ್ಲಿ ನಡೆದರೂ ಚಾರ್ಜ್‌ಶೀಟಿನಲ್ಲಿ ಅವು ಎರಡು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆಗೆ 309ನೇ ಕಲಂ, ಕೊಲೆಗೆ 103. ವಿಚಾರಣೆ ಒಟ್ಟಿಗೆ ನಡೆಯಬಹುದು, ತೀರ್ಮಾನ ಮಾತ್ರ ಒಂದೊಂದಕ್ಕೂ ಬೇರೆ. ಕೊಲೆಯ ಆರೋಪ ಬಿದ್ದುಹೋದರೂ ಸುಲಿಗೆಯದು ಉಳಿಯಬಹುದು. ಅದಕ್ಕೇ 10 ವರ್ಷದವರೆಗೆ ಕಠಿಣ ಸಜೆ. ಹೊತ್ತು ಮುಳುಗಿ ಹುಟ್ಟುವುದರೊಳಗೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೆ. ಕಡೂರಿನಿಂದ ಬೀರೂರು ದಾಟಿ ತರೀಕೆರೆಗೆ ಹೋಗುವ ನಮ್ಮ ರಸ್ತೆಯೂ ಹೆದ್ದಾರಿಯೇ.

‘ನಾನು ಬೈಕ್ ಓಡಿಸಿದೆ ಅಷ್ಟೇ’ ಅನ್ನುವವನ ಪಾಡೇನು? ಮೂರು ನಾಲ್ಕು ಜನ ಹೋಗಿ ಒಬ್ಬ ಕೊಂದರೆ, ಉಳಿದವರಿಗೂ ಆ ಉದ್ದೇಶವಿತ್ತೇ ಎಂದು ಕೋರ್ಟು ಅಳೆದು ನೋಡುತ್ತದೆ. ಮಚ್ಚು ಹಿಡಿದವನ ಜೊತೆ ಹೊರಟವನು ‘ನನಗೇನೂ ಗೊತ್ತಿರಲಿಲ್ಲ’ ಅಂದರೆ ನಂಬಿಸುವುದು ಕಷ್ಟ. ಐದು ಜನ ಸೇರಿದರೋ, ಅದು ಡಕಾಯಿತಿ. ಬಾಗಿಲಲ್ಲಿ ಕಾವಲು ನಿಂತು ನೆರವಾದವನೂ ಆ ಲೆಕ್ಕಕ್ಕೆ ಬರುತ್ತಾನೆ. ಡಕಾಯಿತಿ ಮಾಡುತ್ತ ಒಬ್ಬ ಕೊಂದರೂ 310ನೇ ಕಲಂ ಪ್ರಕಾರ ಐವರಿಗೂ ಮರಣದಂಡನೆ, ಜೀವಾವಧಿ, ಇಲ್ಲವೇ ಕನಿಷ್ಠ 10 ವರ್ಷ ಸಜೆ. ಅಲ್ಲಿ ‘ಹೊಡೆದವನು ನಾನಲ್ಲ’ ಅನ್ನುವ ಮಾತಿಗೆ ಬೆಲೆಯಿಲ್ಲ.

ಕದ್ದ ಒಡವೆಯ ವಿಷಯವನ್ನೂ ಕೇಳಿ. ಸತ್ತವರ ವಸ್ತು ಕೈಯಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಕೊಲೆಗಾರ ಅನ್ನಲಾಗದು, ಅದರಿಂದ ಕಳವಷ್ಟೇ ಸಾಬೀತಾಗುತ್ತದೆ ಎಂದು 1950ರ ದಶಕದಲ್ಲೇ ರಾಜಸ್ಥಾನದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 1983ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಅದೇ ಕೋರ್ಟಿನ ಮುಂದೆ ಬಂತು. ಮನೆಯ ಹೆಣ್ಣುಮಗಳ ಕೊಲೆಯಾಗಿ ಒಡವೆ ಹೋಗಿತ್ತು, ಕೆಲಸದವನೂ ನಾಪತ್ತೆ. ವರ್ಷ ಕಳೆದು ಅವನು ಸಿಕ್ಕ, ಒಡವೆಯೂ ಸಿಕ್ಕಿತು. ಕೊಲೆ, ಸುಲಿಗೆ ಎರಡೂ ಒಂದೇ ಕೃತ್ಯದ ಭಾಗಗಳೆಂದು ಕೋರ್ಟು ಎರಡಕ್ಕೂ ಅವನನ್ನೇ ಹೊಣೆ ಮಾಡಿತು. ಮರಣದಂಡನೆ ಇಳಿದು ಜೀವಾವಧಿಯಾಯಿತು, ಅಷ್ಟೇ.

ಹಾಗಾಗಿ ಗೆಳೆಯ ‘ಇದನ್ನ ಅಡ ಇಟ್ಟು ಕೊಡೋ’ ಅಂದರೆ, ಯಾರದು, ಎಲ್ಲಿಂದ ಬಂತು ಎಂದು ತಿಳಿಯದೆ ಮುಟ್ಟಬೇಡಿ. ದೋಚುವ ಮಾತು ಶುರುವಾದರೆ ಎದ್ದು ಬನ್ನಿ, 112ಕ್ಕೆ ಫೋನ್ ಮಾಡಿ. ಒಂದು ಜೀವ ಉಳಿದೀತು. ಆಗಲೇ ಸಿಕ್ಕಿಹಾಕಿಕೊಂಡವನ ಮನೆಯವರು ದಲ್ಲಾಳಿಗಳ ಹಿಂದೆ ಅಲೆಯದೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಲಿ, ವಕೀಲರ ನೆರವು ಉಚಿತವಾಗಿ ಸಿಗುತ್ತದೆ.

ಸಾಲ ಆಗಿದ್ದರೆ ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಅಪ್ಪ ಬೈದರೆ ಬೈಯಲಿ. ಮುಂದಿನ ಕೊಯ್ಲಿನಲ್ಲಿ ಆ ಸಾಲ ತೀರಿಸುವವನೂ ಅವನೇ.