ಬೋಲ್ಟೋ ಬೆಸುಗೆಯೋ: ಗಾಡಿ ಕಟ್ಟಲು ಹೊರಟ ತಮ್ಮನಿಗೆ

ತಮ್ಮಾ, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಟ್ರೇಲರ್ ಕಟ್ಟಿ, ಅದರ ಮೇಲೆ ಇಬ್ಬರು ಮಲಗುವಷ್ಟು ಗೂಡು ಮಾಡಬೇಕೆಂದು ಹೊರಟಿದ್ದೀ ಅಂತ ಕೇಳಿ ಖುಷಿಯಾಯಿತು. ನಮ್ಮ ಯಾದಗಿರಿ ಸೀಮೆಗೆ ಇದು ತೀರ ಹೊಸದೂ ಅಲ್ಲ. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ, ತಿಂಥಣಿ ಮೌನೇಶ್ವರನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋದವರು ಅದರ ಪಕ್ಕದಲ್ಲೇ ಒಲೆ ಹೂಡಿ, ಬಂಡಿಯಡಿ ಮಲಗಿ ಬರುತ್ತಿದ್ದರು. ಈಗ ಬಂಡಿಯ ಜಾಗಕ್ಕೆ ತಾಡಪತ್ರಿ ಹೊದ್ದ ಟ್ರ್ಯಾಕ್ಟರ್ ಟ್ರಾಲಿ ಬಂದಿದೆ, ಅಷ್ಟೆ.

ಮೇಲಿನ ಗೂಡಿನ ಬಣ್ಣ, ಕಿಟಕಿ ಆಮೇಲೆ ನೋಡೋಣ. ನೀನು ಕೇಳಿದ್ದು ಕೆಳಗಿನ ಚೌಕಟ್ಟಿನ ಬಗ್ಗೆ: ಕಬ್ಬಿಣವನ್ನು ಬೋಲ್ಟು ಹಾಕಿ ಕೂಡಿಸಬೇಕೋ, ವೆಲ್ಡಿಂಗ್ ಹೊಡೆಸಬೇಕೋ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಹುಕ್ಕಿಗೆ ಸೇರುವ ಮುಂದಿನ ತ್ರಿಕೋನವನ್ನು ಪಳಗಿದ ಕೈಯಿಂದ ಬೆಸುಗೆ ಹಾಕಿಸು. ಉಳಿದ ಚೌಕಟ್ಟನ್ನು ನೀನೇ ಬೋಲ್ಟಿನಿಂದ ಕಟ್ಟು.

ಯಾಕೆ ಅಂತೀಯಾ? ಹತ್ತಿ ಸೀಸನ್ನಿನಲ್ಲಿ ಶಹಾಪುರದ ಜಿನ್ನಿಂಗ್ ಮಿಲ್ಲಿನ ಮುಂದೆ ಸಾಲುಗಟ್ಟಿ ನಿಂತ ಟ್ರಾಲಿಗಳ ಅಡಿಗೆ ಬಗ್ಗಿ ನೋಡು. ಬಿರುಕು ಬಿಟ್ಟ ಕಡೆ ತೇಪೆ, ತೇಪೆಯ ತುದಿಯಲ್ಲಿ ಮತ್ತೊಂದು ಬಿರುಕು, ಅದರ ಮೇಲೆ ಮತ್ತೊಂದು ತೇಪೆ. ಬೆಸುಗೆ ಸಾಮಾನ್ಯವಾಗಿ ನಡುವೆ ಒಡೆಯುವುದಿಲ್ಲ. ಅದರ ಅಂಚಿಗೆ ತಾಗಿದ, ಕಾದು ಗುಣ ಬದಲಾದ ಕಬ್ಬಿಣ ಮೊದಲು ಸೀಳುತ್ತದೆ. ಎರೆಹೊಲದ ದಾರಿಯಲ್ಲಿ, ಕಾಲುವೆ ದಂಡೆಯ ಮೇಲೆ ಒಂದು ಗಾಲಿ ತಗ್ಗಿಗೆ ಇಳಿದರೆ ಇನ್ನೊಂದು ದಿಬ್ಬ ಏರಿರುತ್ತದೆ. ಪ್ರತಿಸಲ ಚೌಕಟ್ಟು ತಿರುಚುತ್ತದೆ. ಆ ತಿರುಚೆಲ್ಲ ಬಂದು ಕೂಡುವುದು ಮೂಲೆಗಳಿಗೆ, ಮುಂದಿನ ತ್ರಿಕೋನದ ಬುಡಕ್ಕೆ.

ನಮ್ಮ ಬಡಿಗರು ಬಂಡಿಯನ್ನು ಬೆಣೆ ಹಾಕಿ ಕೂಡಿಸುತ್ತಿದ್ದದ್ದು ಇದೇ ಕಾರಣಕ್ಕೆ. ಕೀಲು ತುಸು ಅಲುಗಾಡುತ್ತಿತ್ತು, ಸಡಿಲಾದರೆ ಸದ್ದು ಮಾಡುತ್ತಿತ್ತು, ಬೆಣೆ ಬಡಿದರೆ ಸರಿಹೋಗುತ್ತಿತ್ತು. ಬೋಲ್ಟಿನ ಗುಣವೂ ಹಾಗೆ. ಕೆಡುವ ಮೊದಲು ಸುಳಿವು ಕೊಡುತ್ತದೆ: ಸುತ್ತ ಬಣ್ಣ ಸೀಳುತ್ತದೆ, ತುಕ್ಕಿನ ಕೆಂಪು ಪುಡಿ ಇಳಿಯುತ್ತದೆ, ಪಾನಾ ಹಾಕಿದರೆ ತಿರುಗುತ್ತದೆ. ಕೆಟ್ಟ ಬೆಸುಗೆ ಬಣ್ಣದ ಕೆಳಗೆ ಚೆಂದವಾಗಿ ಕೂತಿರುತ್ತದೆ. ಹಳ್ಳಿಯ ಕರೆಂಟು ಏರಿಳಿಯುವಾಗ, ತುಕ್ಕು ಉಜ್ಜದ ಕಬ್ಬಿಣಕ್ಕೆ, ತೇವ ಹಿಡಿದ ವೆಲ್ಡಿಂಗ್ ಕಡ್ಡಿಯಿಂದ ಹೊಡೆದ ಬೆಸುಗೆ ಮೇಲೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಕಣ್ಣಿಗೆ ಒಳ್ಳೆಯ ಬೆಸುಗೆಯೂ ಕೆಟ್ಟ ಬೆಸುಗೆಯೂ ಒಂದೇ ಥರ ಕಾಣುತ್ತವೆ. ಕೈ ಇನ್ನೂ ಪಳಗದ ನಿನಗೆ ನಾನು ಬೋಲ್ಟು ಹೇಳುವುದು ಅದಕ್ಕೇ.

ಆದರೆ ಬೋಲ್ಟಿಗೂ ಶಿಸ್ತು ಬೇಕು. ಬೋಲ್ಟು ಗೂಟದ ಹಾಗೆ ನಿಂತು ಭಾರ ತಡೆಯುತ್ತದೆ ಅಂದುಕೊಳ್ಳಬೇಡ. ಅದು ಎರಡು ಕಬ್ಬಿಣಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ, ಆ ಒತ್ತಿನ ಘರ್ಷಣೆಯೇ ಭಾರ ಹೊರುತ್ತದೆ. ಹಾಗಾಗಿ ಕೂಡುವ ಮುಖಗಳ ನಡುವೆ ದಪ್ಪ ಬಣ್ಣ ಬಳಿದರೆ ಬಣ್ಣ ಸವೆದು ಒತ್ತು ಹೋಗುತ್ತದೆ. ತೆಳುವಾಗಿ ಪ್ರೈಮರ್ ಸಾಕು. ತಲೆಯ ಮೇಲೆ 8.8 ಎಂದು ಅಚ್ಚೊತ್ತಿರುವ 12 ಮಿಲಿಮೀಟರ್ ಬೋಲ್ಟು ತೆಗೆದುಕೋ, ನೈಲಾನ್ ಲಾಕ್ ನಟ್ಟು ಹಾಕು. ಒಂದು ಮೂಲೆಗೆ ಒಂದೇ ಬೋಲ್ಟು ಹಾಕಿದರೆ ಅದು ಬಾಗಿಲ ತಿರುಗಣಿಯಾಗುತ್ತದೆ. ಮೂಲೆಗೆ ದಪ್ಪ ಕಬ್ಬಿಣದ ಪಟ್ಟಿ ಕೊಟ್ಟು, ಪ್ರತಿ ತೋಳಿಗೂ ಕಡಿಮೆ ಅಂದರೆ ಎರಡೆರಡು ಹಾಕು. ತೂತನ್ನು ಡ್ರಿಲ್ಲಿನಲ್ಲೇ ಕೊರೆ, ಗ್ಯಾಸ್ ಕಟರ್ ಹಚ್ಚಬೇಡ. ಉದ್ದದ ಚಾನೆಲ್ಲಿಗೆ ತೂತು ಬೇಕಾದರೆ ನಿಂತ ಗೋಡೆಯ ನಡುವೆ ಕೊರೆ. ಮೇಲಿನ, ಕೆಳಗಿನ ಅಂಚಿನ ಪಟ್ಟಿಗಳೇ ಬಾಗುವಿಕೆಯನ್ನು ತಡೆಯುವುದು, ಅವನ್ನು ತೂತು ಮಾಡಿದರೆ ಬೆನ್ನು ಮುರಿದ ಹಾಗೆ.

ಮುಂದಿನ ತ್ರಿಕೋನವನ್ನು ಮಾತ್ರ ಯಾಕೆ ಬೆಸೆಯಬೇಕು ಅಂದರೆ, ಅಲ್ಲಿ ಎಳೆತ, ಬ್ರೇಕಿನ ತಳ್ಳು, ತಿರುವಿನ ಜಗ್ಗಾಟ ಎಲ್ಲ ಒಂದೇ ತುದಿಯಲ್ಲಿ ಬಂದು ಬೀಳುತ್ತವೆ. ಸುರಪುರದಲ್ಲೋ ಶಹಾಪುರದಲ್ಲೋ ಟ್ರಾಲಿ ಕಟ್ಟುವ ಹಳೆಯ ಕೈಯನ್ನು ಹುಡುಕು. ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ (ಟ್ಯಾಕ್) ಹೊಡೆದು, ಮುಂದಿನ ತುದಿಯಿಂದ ಹಿಂದಿನ ಎರಡು ಮೂಲೆಗಳಿಗೂ ಟೇಪು ಹಿಡಿದು, ಎರಡು ಅಳತೆಗಳೂ ಸಮ ಬಂದ ಮೇಲೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಪೂರ್ತಿ ಹೊಡೆಯುವವನಾದರೆ ಅವನ ಮೇಲೆ ನಂಬಿಕೆ ಇಡು. ತ್ರಿಕೋನದ ತೋಳುಗಳು ಮುಂದಿನ ಅಡ್ಡಪಟ್ಟಿಗೇ ನಿಲ್ಲದೆ, ಚೌಕಟ್ಟಿನಡಿ ಹಿಂದಕ್ಕೆ ಎರಡನೆಯ ಅಡ್ಡಪಟ್ಟಿಯವರೆಗೆ ಹೋಗಲಿ. ಅಲ್ಲಿ ಬೋಲ್ಟು ಬಿಗಿ. ಕಮಾನು ಪಟ್ಟಿಗೆ ಎಂದೂ ಬೆಸುಗೆ ತಾಗಿಸಬೇಡ. ಅದು ಬೇರೆ ಜಾತಿಯ ಉಕ್ಕು, ಕಾದು ತಣಿದರೆ ಪಿಂಗಾಣಿಯಂತೆ ಸಿಡಿಯುತ್ತದೆ. ಅದನ್ನು ಯೂ ಬೋಲ್ಟಿನಲ್ಲೇ ಅಚ್ಚಿಗೆ ಕಟ್ಟು. ಸತುವಿನ ಕಲಾಯಿ ಹಾಕಿದ ಪೈಪನ್ನು ಬೆಸೆಯುವುದಾದರೆ ಆ ಭಾಗದ ಕಲಾಯಿ ಮೊದಲು ಉಜ್ಜಿ ತೆಗೆಯಬೇಕು. ಕಲಾಯಿ ಸುಟ್ಟ ಹೊಗೆ ಕುಡಿದವರಿಗೆ ರಾತ್ರಿ ಜ್ವರ, ನಡುಕ ಬರುತ್ತದೆ.

ಇನ್ನು ಭಾರದ ಮಾತು. ಎಲ್ಲ ಸೇರಿ 500 ಕಿಲೋ ತೂಗಿದರೆ ಹುಕ್ಕಿನ ಮೇಲೆ ಸುಮಾರು 50 ಕಿಲೋ ಕೂರಬೇಕು. ಅದಕ್ಕಾಗಿ ಅಚ್ಚು ನಡುವಿಗಿಂತ ತುಸು ಹಿಂದಿರಲಿ. ಹಿಂಭಾರವಾದರೆ ವೇಗದಲ್ಲಿ ಗಾಡಿ ಹಾವಿನಂತೆ ತೂಗಾಡುತ್ತದೆ, ಆಗ ಬೋಲ್ಟೂ ಬೆಸುಗೆಯೂ ನಿನ್ನನ್ನು ಕಾಯುವುದಿಲ್ಲ. ಹುಕ್ಕಿನ ಜೊತೆಗೆ ಸರಪಳಿ ಇರಲೇಬೇಕು. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲೇಬೇಕು. ರಾತ್ರಿ ರಸ್ತೆ ಬದಿ ಕತ್ತಲಲ್ಲಿ ನಿಂತ ಟ್ರಾಲಿಗೆ ಬೈಕು ಗುದ್ದಿ ಹುಡುಗರು ಹೋಗುವ ಸುದ್ದಿ ಕೇಳಿದಾಗೆಲ್ಲ ನನಗೆ ಹೊಟ್ಟೆ ಹಿಂಡುತ್ತದೆ. ಓಡುವ ಗಾಡಿಯೊಳಗೆ ಮಕ್ಕಳನ್ನಂತೂ ಕೂರಿಸಬೇಡ, ಅವರು ಕಾರಿನಲ್ಲೇ ಬರಲಿ.

ಕಬ್ಬಿಣ ಕೊಳ್ಳುವ ಮೊದಲೇ ಯಾದಗಿರಿಯ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ಮನೆಯಲ್ಲಿ ಕಟ್ಟಿದ್ದಕ್ಕೆ ಅವರು ಏನೇನು ಕೇಳುತ್ತಾರೋ ತಿಳಿದುಕೊಂಡೇ ಕೈಹಚ್ಚು. ಕಟ್ಟಿದ ಮೇಲೆ ಒಡೆಯಬೇಕಾಗಿ ಬಂದರೆ ದುಡ್ಡಿಗಿಂತ ಮನಸ್ಸು ಹೆಚ್ಚು ನೋಯುತ್ತದೆ.

ಕಾಗದ ಸರಿಯಾಗಿ, ಗಾಡಿ ಕಟ್ಟಿ ಮುಗಿದ ಮೇಲೆ ಮೊದಲು ಖಾಲಿ ಗಾಡಿಯನ್ನು ಶಹಾಪುರದಿಂದ ಭೀಮರಾಯನಗುಡಿಗೆ ಎಳೆದುಕೊಂಡು ಹೋಗಿ ಬಾ. ಬಂದ ಕೂಡಲೇ ಪ್ರತಿ ಬೋಲ್ಟಿಗೂ ಪಾನಾ ಹಾಕು, ಬಿಗಿದ ಮೇಲೆ ನಟ್ಟಿನಿಂದ ಕಬ್ಬಿಣದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆ. ಗೆರೆ ಮುರಿದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಕಾಣುತ್ತದೆ. ಆಮೇಲೆ ಜೋಳದ ಚೀಲ ಹೇರಿ ಇನ್ನೊಂದು ಸುತ್ತು ಹೋಗು. ತಿಂಥಣಿ ಜಾತ್ರೆಗೆ ಹೊರಡುವ ಮೊದಲು ಗಾಡಿಯನ್ನು ನನ್ನ ಮನೆ ಮುಂದೆ ತಂದು ನಿಲ್ಲಿಸು, ಅಡಿಗೆ ಬಗ್ಗಿ ನಾನೂ ಒಮ್ಮೆ ನೋಡುತ್ತೇನೆ.