‘ಫಿಸಿಕಲ್’ ಶಬ್ದದ ಅರ್ಥವಿಸ್ತಾರ ಮತ್ತು ಕನ್ನಡದಲ್ಲಿ ಅದರ ಪ್ರಯೋಗ

ಆಂಗ್ಲ ಭಾಷೆಯಿಂದ ಬಂದು ಕನ್ನಡ ಶಾಲೆಗಳ ಅಂಗಳದಲ್ಲಿ ನೆಲೆನಿಂತ ವಿಶೇಷಣಗಳಲ್ಲಿ ‘ಫಿಸಿಕಲ್’ ಎಂಬುದು ಮುಖ್ಯವಾದುದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪರಿಸರದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನ ಒಂದು ದಿನವನ್ನು ಗಮನಿಸಿದರೆ ಈ ಶಬ್ದದ ಸಂಚಾರವು ಎಷ್ಟು ವ್ಯಾಪಕವೆಂಬುದು ವಿದಿತವಾಗುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಸೀಟಿ ಊದಿ ಸಾಲು ನಿಲ್ಲಿಸುವವರು ‘ಫಿಸಿಕಲ್ ಎಜುಕೇಶನ್’ ಮಾಸ್ತರರು. ವಿಜ್ಞಾನದ ತಾಸಿನಲ್ಲಿ ಕೇಳಿಬರುವುದು ‘ಫಿಸಿಕಲ್ ಚೇಂಜ್’. ಭೂಗೋಳದ ತಾಸಿನಲ್ಲಿ ಗೋಡೆಗೆ ತೂಗುವುದು ‘ಫಿಸಿಕಲ್ ಮ್ಯಾಪ್’. ಸಂಜೆ ಮನೆಗೆ ಮರಳಿದರೆ ತಂದೆಯು ಪೇಟೆಯಿಂದ ತಂದಿಟ್ಟ ಗೋವಿನಜೋಳದ ಬೀಜದ ಚೀಲದ ಮೇಲೆ ‘ಫಿಸಿಕಲ್ ಪ್ಯೂರಿಟಿ’ ಎಂದು ಅಚ್ಚಾಗಿರುತ್ತದೆ.

ಆಂಗ್ಲದಲ್ಲಿ ಶಬ್ದವು ಒಂದೇ. ಆದರೆ ಈ ನಾಲ್ಕೂ ಸ್ಥಳಗಳಲ್ಲಿ ಅರ್ಥವು ಒಂದೇ ಅಲ್ಲ. ಮೊದಲನೆಯ ಸ್ಥಳದಲ್ಲಿ ಕಲಿತ ‘ದೈಹಿಕ’ ಎಂಬ ಪದವನ್ನೇ ವಿದ್ಯಾರ್ಥಿಯು ಉಳಿದ ಮೂರು ಸ್ಥಳಗಳಿಗೂ ಒಯ್ದರೆ ‘ದೈಹಿಕ ಬದಲಾವಣೆ’, ‘ದೈಹಿಕ ನಕ್ಷೆ’, ‘ದೈಹಿಕ ಶುದ್ಧತೆ’ ಎಂಬ ವಿಚಿತ್ರ ರೂಪಗಳು ಹುಟ್ಟುತ್ತವೆ. ಉತ್ತರಪತ್ರಿಕೆಯಲ್ಲಿ ಇದರಿಂದಾಗುವ ನಷ್ಟವು ಒಂದೆರಡು ಅಂಕಗಳಷ್ಟು. ಬೀಜದ ಚೀಲದ ವಿಷಯದಲ್ಲಿ ಆಗುವ ನಷ್ಟವಾದರೋ ಒಂದು ಹಂಗಾಮಿನ ಬೆಳೆಯಷ್ಟು. ಆದಕಾರಣ ಈ ಶಬ್ದದ ಮೂಲ, ಅರ್ಥಭೇದ ಮತ್ತು ಪ್ರಯೋಗಗಳ ವಿವೇಚನೆಯು ಶಿಕ್ಷಕರಿಗೂ ಪಾಲಕರಿಗೂ ಸಮಾನವಾಗಿ ಪ್ರಯೋಜನಕರವಾಗಿದೆ.

ಶಬ್ದಮೂಲ

‘ಫಿಸಿಕಲ್’ ಶಬ್ದದ ಮೂಲವು ಗ್ರೀಕ್ ಭಾಷೆಯ ‘ಫ್ಯುಸಿಸ್’ ಎಂಬುದರಲ್ಲಿದೆ. ‘ಫ್ಯುಸಿಸ್’ ಎಂದರೆ ಪ್ರಕೃತಿ, ಸಹಜ ಸ್ವಭಾವ. ಹುಟ್ಟುವುದು, ಬೆಳೆಯುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಅದು ನಿಷ್ಪನ್ನವಾಗಿದೆ. ಅಲ್ಲಿಂದ ಲ್ಯಾಟಿನ್ ಮಾರ್ಗವಾಗಿ ಆಂಗ್ಲಕ್ಕೆ ಬರುವಷ್ಟರಲ್ಲಿ ಈ ಕುಟುಂಬವು ಬಹುಶಾಖೆಗಳಾಗಿ ಒಡೆಯಿತು. ಪ್ರಕೃತಿಯ ನಿಯಮಗಳನ್ನು ಅರಸುವ ಶಾಸ್ತ್ರವು ‘ಫಿಸಿಕ್ಸ್’ ಆಯಿತು. ದೇಹದ ಪ್ರಕೃತಿಯನ್ನು ಬಲ್ಲ ವೈದ್ಯನು ‘ಫಿಸಿಶಿಯನ್’ ಆದನು. ಮೈಕಟ್ಟು ‘ಫಿಸೀಕ್’ ಎನಿಸಿತು. ಒಂದೇ ಬೇರಿನಿಂದ ಪದಾರ್ಥವಿಜ್ಞಾನಿಯೂ ವೈದ್ಯನೂ ಹುಟ್ಟಿದ್ದರಿಂದಲೇ ‘ಫಿಸಿಕಲ್’ ಎಂಬ ವಿಶೇಷಣವು ದೇಹಕ್ಕೂ ಜಡದ್ರವ್ಯಕ್ಕೂ ಏಕಕಾಲದಲ್ಲಿ ಅನ್ವಯಿಸುತ್ತದೆ.

ಇಲ್ಲಿ ಸಂಸ್ಕೃತಜ್ಞರಿಗೆ ಸಂತೋಷವನ್ನುಂಟುಮಾಡುವ ಸಂಗತಿಯೊಂದಿದೆ. ಆ ಗ್ರೀಕ್ ಧಾತುವೂ ಸಂಸ್ಕೃತದ ‘ಭೂ’ ಧಾತುವೂ ಒಂದೇ ಮೂಲದವುಗಳೆಂಬುದು ತೌಲನಿಕ ಭಾಷಾಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ‘ಭೂ’ ಎಂದರೆ ಆಗು, ಇರು. ಅದರಿಂದ ‘ಭೂತ’, ಅಂದರೆ ಆದದ್ದು, ಉಂಟಾದದ್ದು. ‘ಭೂತ’ದಿಂದ ‘ಭೌತಿಕ’. ಹೀಗೆ ‘ಫಿಸಿಕಲ್’ ಮತ್ತು ‘ಭೌತಿಕ’ ಎಂಬಿವು ದೂರದ ದಾಯಾದಿಗಳು. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರಂತಹ ಹಿರಿಯರು ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲು ಹೊರಟಾಗ ಆಶ್ರಯಿಸಿದ ಸಂಸ್ಕೃತದ ಭಂಡಾರದಲ್ಲಿ ಇಂತಹ ಬಂಧುಶಬ್ದಗಳು ಮೊದಲೇ ಸಿದ್ಧವಾಗಿದ್ದವು.

ಪದಸಿದ್ಧಿ

‘ಸಂಬಂಧಿಸಿದ’ ಎಂಬರ್ಥದಲ್ಲಿ ‘ಇಕ’ ಪ್ರತ್ಯಯವು ಬಂದಾಗ ಪದದ ಆದಿಸ್ವರಕ್ಕೆ ವೃದ್ಧಿಯಾಗುತ್ತದೆ. ಅಕಾರವು ಆಕಾರವಾಗುತ್ತದೆ, ಏಕಾರವು ಐಕಾರವಾಗುತ್ತದೆ, ಊಕಾರವು ಔಕಾರವಾಗುತ್ತದೆ. ಆದ್ದರಿಂದ ಶರೀರ – ಶಾರೀರಿಕ, ಅಂಗ – ಆಂಗಿಕ, ಪ್ರಕೃತಿ – ಪ್ರಾಕೃತಿಕ, ದೇಹ – ದೈಹಿಕ, ಭೂತ – ಭೌತಿಕ. ‘ಕಾಯ’ ಶಬ್ದದಲ್ಲಿ ಆದಿಸ್ವರವು ಮೊದಲೇ ದೀರ್ಘವಾಗಿರುವುದರಿಂದ ‘ಕಾಯಿಕ’ ಎಂದಷ್ಟೇ ಆಗುತ್ತದೆ. ಪ್ರತ್ಯಯದ ಇಕಾರವು ಹ್ರಸ್ವವೆಂಬುದನ್ನು ಮರೆತು ‘ದೈಹೀಕ’, ‘ಭೌತೀಕ’ ಎಂದು ಬರೆಯುವುದು ಫಲಕಗಳಲ್ಲಿಯೂ ಪತ್ರಗಳಲ್ಲಿಯೂ ಕಂಡುಬರುವ ದೋಷವಾಗಿದ್ದು, ಅದು ಪರಿಹಾರ್ಯವಾಗಿದೆ.

ದೇಹ, ಶರೀರ, ಕಾಯ ಎಂಬಿವು ಪರ್ಯಾಯಪದಗಳೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ವ್ಯುತ್ಪತ್ತಿಯಲ್ಲಿ ಅವು ಭಿನ್ನವಾಗಿವೆ. ಉಪಚಯಗೊಳ್ಳುವುದರಿಂದ ದೇಹ, ಶಿಥಿಲವಾಗುವುದರಿಂದ ಶರೀರ, ಚಯನಗೊಂಡದ್ದರಿಂದ, ಅಂದರೆ ಕೂಡಿಬಂದದ್ದರಿಂದ ಕಾಯ. ಕೂಡುವುದು, ಬೆಳೆಯುವುದು, ಸವೆಯುವುದು ಎಂಬ ಮೂರು ಅವಸ್ಥೆಗಳನ್ನು ಹಿರಿಯರು ಮೂರು ಹೆಸರುಗಳಲ್ಲಿ ಕಂಡಿದ್ದಾರೆ. ಅಚ್ಚಗನ್ನಡದಲ್ಲಿ ‘ಮೈ’ ಮತ್ತು ‘ಒಡಲು’ ಇವೆ. ‘ಮೈಕಟ್ಟು’, ‘ಮೈಗಳ್ಳ’, ‘ಮೈಮುರಿದು ದುಡಿಯುವುದು’ ಎಂಬ ಮಾತುಗಳ ಕಸುವು ಯಾವ ತತ್ಸಮಪದಕ್ಕೂ ಬಾರದು.

ಅರ್ಥಭೇದಗಳು

ಮೊದಲನೆಯದು ದೇಹಸಂಬಂಧವಾದ ಅರ್ಥ. ದೈಹಿಕ ಶಿಕ್ಷಣ, ದೈಹಿಕ ಶ್ರಮ, ದೈಹಿಕ ಸಾಮರ್ಥ್ಯ ಪರೀಕ್ಷೆ ಎಂಬಿವು ಇದಕ್ಕೆ ಉದಾಹರಣೆಗಳು. ಗರಡಿಮನೆಯ ಕಾಲದ ಹಿರಿಯರು ಬಳಸುತ್ತಿದ್ದ ‘ಅಂಗಸಾಧನೆ’ ಎಂಬ ಪದವೂ ಸುಂದರವಾದುದೇ. ಈ ಗುಂಪಿನಲ್ಲಿ ಶಾಲೆಗೆ ಸಂಬಂಧಿಸಿದ ಮಹತ್ವದ ಪ್ರಯೋಗವೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಕಿರುಕುಳವನ್ನಾಗಲಿ ಕೊಡುವುದನ್ನು ನಿಷೇಧಿಸುತ್ತದೆ. ‘ದೈಹಿಕ ಶಿಕ್ಷಣ’ ಮತ್ತು ‘ದೈಹಿಕ ಶಿಕ್ಷೆ’ ಎಂಬೆರಡು ಪದಗಳ ನಡುವೆ ಇರುವ ವ್ಯತ್ಯಾಸವು ಒಂದಕ್ಷರದ್ದು. ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆಯೇ. ಕನ್ನಡದಲ್ಲಿ ‘ಶಿಕ್ಷೆ’ಯು ದಂಡನೆಯಾಯಿತು. ಕಲಿಸುವುದಕ್ಕೂ ಹೊಡೆಯುವುದಕ್ಕೂ ಒಂದೇ ಧಾತುವಿನ ಪದಗಳು ರೂಢಿಗೆ ಬಂದುದು ಹಿಂದಿನ ಪಾಠಶಾಲೆಗಳ ಬೆತ್ತದ ಕಥೆಯನ್ನು ಹೇಳುವಂತಿದೆ. ಅವೆರಡನ್ನೂ ಬೇರ್ಪಡಿಸಿದ ಕೆಲಸವನ್ನು ಕಾಯಿದೆಯು ಮಾಡಿದೆ.

ಎರಡನೆಯದು ದ್ರವ್ಯಸಂಬಂಧವಾದ ಅರ್ಥ. ಹೊಸ ವಸ್ತುವು ಉತ್ಪನ್ನವಾಗದೆ ಆಕಾರ, ಗಾತ್ರ, ಸ್ಥಿತಿಗಳಷ್ಟೇ ಬದಲಾದರೆ ಅದು ಭೌತಿಕ ಬದಲಾವಣೆ. ಹೊಸ ವಸ್ತುವು ಉತ್ಪನ್ನವಾದರೆ ಅದು ರಾಸಾಯನಿಕ ಬದಲಾವಣೆ. ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಅರಸಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯೇ ಸಾಕು. ಹಸಿರು ಕಾಯಿಯು ಗಿಡದಲ್ಲಿ ಹಣ್ಣಾಗಿ ಕೆಂಪಾಗುವುದು ರಾಸಾಯನಿಕ ಬದಲಾವಣೆ. ಏಕೆಂದರೆ ಹಸಿರು ವರ್ಣದ್ರವ್ಯವು ನಶಿಸಿ ಕೆಂಪು ವರ್ಣದ್ರವ್ಯವು ಹೊಸದಾಗಿ ಉಂಟಾಗುತ್ತದೆ. ಆ ಹಣ್ಣನ್ನು ಕಣದಲ್ಲಿ ಹರವಿದಾಗ ನೀರು ಆವಿಯಾಗಿ ಹೋಗುವುದು ಮತ್ತು ಒಣಗಿದ ಕಾಯಿಯನ್ನು ಕುಟ್ಟಿ ಪುಡಿ ಮಾಡುವುದು ಭೌತಿಕ ಬದಲಾವಣೆಗಳು. ಕಾರ್ಖಾನೆಯಲ್ಲಿ ದ್ರಾವಕವನ್ನು ಬಳಸಿ ಕಾಯಿಯಿಂದ ಬಣ್ಣದ ಸತ್ವವಾದ ಓಲಿಯೋರೆಸಿನ್ ತೆಗೆಯುವುದೂ ಮೂಲತಃ ಭೌತಿಕ ಕ್ರಿಯೆಯೇ. ಅಲ್ಲಿ ಇದ್ದುದನ್ನು ಬೇರ್ಪಡಿಸಲಾಗುತ್ತದೆಯೇ ಹೊರತು ಇಲ್ಲದುದನ್ನು ಹುಟ್ಟಿಸಲಾಗುವುದಿಲ್ಲ. ಬಹುಕಾಲ ಇಟ್ಟ ಕಾಯಿಯ ಕೆಂಪು ಮಾಸುವುದು ಮತ್ತೆ ರಾಸಾಯನಿಕ. ಗಾಳಿ, ಬೆಳಕು, ಉಷ್ಣಗಳಿಂದ ವರ್ಣದ್ರವ್ಯವು ಕೆಡುತ್ತದೆ. ಶೀತಲಗೃಹಗಳಲ್ಲಿ ಚೀಲಗಳನ್ನು ಇರಿಸುವುದು ಈ ಬದಲಾವಣೆಯನ್ನು ತಡೆಯಲೆಂದೇ. ಪುಡಿಯಾದರೂ ಕೆಂಪು ಉಳಿಯುತ್ತದೆ, ಇಟ್ಟಲ್ಲಿಯೇ ಇದ್ದರೂ ಕೆಂಪು ಮಾಸುತ್ತದೆ ಎಂಬ ಭೇದವನ್ನು ಬ್ಯಾಡಗಿಯ ಹುಡುಗನು ಒಮ್ಮೆ ತಿಳಿದನೆಂದರೆ ಎಂದಿಗೂ ಮರೆಯನು.

ಮೂರನೆಯದು ನಿಸರ್ಗಸಂಬಂಧವಾದ ಅರ್ಥ. ‘ಫಿಸಿಕಲ್ ಮ್ಯಾಪ್’ ಎಂದರೆ ಪ್ರಾಕೃತಿಕ ನಕ್ಷೆ. ನದಿ, ಬೆಟ್ಟ, ಬಯಲುಗಳನ್ನು ಅದು ತೋರಿಸುತ್ತದೆ. ರಾಜಕೀಯ ನಕ್ಷೆಯಾದರೋ ಮನುಷ್ಯರು ಎಳೆದ ಗೆರೆಗಳನ್ನು ತೋರಿಸುತ್ತದೆ. ಹಾವೇರಿಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಅಂದು ರಾಜಕೀಯ ನಕ್ಷೆಯು ಬದಲಾಯಿತು. ಗಳಗನಾಥದ ಬಳಿ ವರದೆಯು ತುಂಗಭದ್ರೆಯನ್ನು ಸೇರುವುದು ಮಾತ್ರ ಬದಲಾಗಲಿಲ್ಲ. ಈ ಒಂದು ದೃಷ್ಟಾಂತದಿಂದ ಎರಡು ನಕ್ಷೆಗಳ ಭೇದವು ಕರತಲಾಮಲಕವಾಗುತ್ತದೆ.

ನಾಲ್ಕನೆಯದು ಬಾಹ್ಯರೂಪಕ್ಕೆ ಸಂಬಂಧಿಸಿದ ಅರ್ಥ. ಬೀಜದ ಚೀಟಿಯ ಮೇಲಿನ ಪ್ರಯೋಗವು ಇದೇ. ರಾಣೇಬೆನ್ನೂರಿನ ಸುತ್ತಮುತ್ತ ಬೀಜೋತ್ಪಾದನೆಯೂ ಬೀಜದ ವ್ಯಾಪಾರವೂ ಬಹುಕಾಲದಿಂದ ನಡೆದುಬಂದಿವೆ. ಬೀಜದ ಗುಣಮಟ್ಟವನ್ನು ನಿಯಂತ್ರಿಸಲು 1966ರಲ್ಲಿ ಬೀಜ ಕಾಯಿದೆಯು ಅಂಗೀಕೃತವಾಯಿತು. ಚೀಲದ ಮೇಲೆ ಮೊಳಕೆಯ ಪ್ರಮಾಣದ ಜೊತೆಗೆ ಎರಡು ಬಗೆಯ ಶುದ್ಧತೆಗಳು ನಮೂದಾಗಿರುತ್ತವೆ. ‘ಫಿಸಿಕಲ್ ಪ್ಯೂರಿಟಿ’ ಎಂದರೆ ಭೌತಿಕ ಶುದ್ಧತೆ: ಚೀಲದಲ್ಲಿ ಮಣ್ಣು, ಹೊಟ್ಟು, ಕಸ, ಕಳೆಯ ಬೀಜ, ಅನ್ಯ ಬೆಳೆಯ ಬೀಜ ಇವು ಬೆರೆಯದೆ ತೂಕದಲ್ಲಿ ಎಷ್ಟು ಪಾಲು ಹೇಳಿದ ಬೆಳೆಯ ಬೀಜವೇ ಇದೆ ಎಂಬುದರ ಲೆಕ್ಕ. ಗೋವಿನಜೋಳಕ್ಕೆ ಇದು ನೂರಕ್ಕೆ 98ಕ್ಕಿಂತ ಕಡಿಮೆಯಾಗಬಾರದು. ‘ಜೆನೆಟಿಕ್ ಪ್ಯೂರಿಟಿ’ ಎಂದರೆ ಆನುವಂಶಿಕ ಶುದ್ಧತೆ: ಆ ಬೀಜವು ಹೇಳಿದ ತಳಿಯದೇ ಹೌದೋ ಅಲ್ಲವೋ ಎಂಬುದು. ಮೊದಲನೆಯದನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ಬೀಜ ಆರಿಸಿ, ತೂಗಿ ತಿಳಿಯಬಹುದು. ಎರಡನೆಯದು ಕಣ್ಣಿಗೆ ಕಾಣದು. ಬಿತ್ತಿ, ಬೆಳೆಸಿ, ಗಿಡವನ್ನು ಪರೀಕ್ಷಿಸುವುದು ಅದನ್ನು ತಿಳಿಯುವ ರೂಢಿಯ ಮಾರ್ಗ. ಕಸಕಡ್ಡಿ ಒಂದೂ ಇಲ್ಲದ ಚೀಲವು ಬೇರೊಂದು ತಳಿಯ ಬೀಜದ್ದಾಗಿರಬಹುದು. ‘98’ ಎಂಬ ಅಂಕೆಯೊಂದನ್ನೇ ಕಂಡು ಎಲ್ಲವೂ ಶುದ್ಧವೆಂದು ನಂಬಿದ ರೈತನಿಗೆ ತೆನೆ ಕಟ್ಟುವವರೆಗೂ ತಪ್ಪು ಗೊತ್ತಾಗದು. ಹತ್ತನೆಯ ತರಗತಿಯ ಮಗ ಅಥವಾ ಮಗಳು ಆ ಎರಡು ಸಾಲುಗಳ ಭೇದವನ್ನು ಓದಿ ಹೇಳಬಲ್ಲರಾದರೆ ಶಾಲೆಯ ಭಾಷಾಪಾಠವು ಹೊಲಕ್ಕೆ ತಲುಪಿದಂತೆ.

ಎಚ್ಚರದ ಸ್ಥಳಗಳು

ಕೆಲವು ಪದಗಳು ರೂಪದಲ್ಲಿ ಸಮೀಪವಿದ್ದು ಅರ್ಥದಲ್ಲಿ ದೂರವಿರುತ್ತವೆ. ‘ಶಾರೀರ’ ಎಂಬುದು ಆಯುರ್ವೇದದಲ್ಲಿ ಶರೀರಸಂಬಂಧವಾದುದು. ಕನ್ನಡದ ಸಂಗೀತ ಪರಿಭಾಷೆಯಲ್ಲಿ ಅದು ಕಂಠಧ್ವನಿ. ಗಾಯಕನ ಶಾರೀರವು ಚೆನ್ನಾಗಿದೆಯೆಂದರೆ ಮೈಕಟ್ಟಿನ ಪ್ರಶಂಸೆಯಲ್ಲ. ‘ಆಂಗಿಕ’ವು ನಾಟ್ಯಶಾಸ್ತ್ರದಲ್ಲಿ ಅಂಗಗಳಿಂದ ಮಾಡುವ ಅಭಿನಯ. ಸಾಂಖ್ಯರ ತಾಪತ್ರಯದಲ್ಲಿ ‘ಆಧಿಭೌತಿಕ’ವೆಂದರೆ ಅನ್ಯ ಪ್ರಾಣಿಗಳಿಂದ ಬರುವ ದುಃಖ, ದೇಹದ ರೋಗವು ಅವರ ಲೆಕ್ಕದಲ್ಲಿ ‘ಆಧ್ಯಾತ್ಮಿಕ’ ತಾಪಕ್ಕೆ ಸೇರುತ್ತದೆ. ವೀರಶೈವ ಶಾಸ್ತ್ರದಲ್ಲಿ ‘ಅಂಗ’ವೆಂಬುದು ಜೀವಾತ್ಮನ ಸಂಜ್ಞೆಯಾಗಿರುವುದರಿಂದ ‘ಲಿಂಗಾಂಗ ಸಾಮರಸ್ಯ’ವನ್ನು ಆಂಗ್ಲಕ್ಕೆ ತಿರುಗಿಸುವವನು ಅಲ್ಲಿ ‘ಫಿಸಿಕಲ್’ ಎಂಬ ಪದವನ್ನು ಬಳಸಿದರೆ ಸಿದ್ಧಾಂತವೇ ತಲೆಕೆಳಗಾಗುತ್ತದೆ. ಹಾಗೆಯೇ ‘ಕಾಯಿಕ’ವು ದೇಹಸಂಬಂಧವಾದುದು ಮಾತ್ರ, ಶರಣರು ಬೆಳೆಸಿದ ‘ಕಾಯಕ’ವು ದೇಹಶ್ರಮದಿಂದ ಆರಂಭವಾಗಿ ಸತ್ಯಶುದ್ಧವಾದ ಜೀವನೋಪಾಯವನ್ನೂ ದಾಸೋಹವನ್ನೂ ಒಳಗೊಳ್ಳುವ ತತ್ತ್ವ. ಒಂದು ಸ್ವರದ ಅಂತರದಲ್ಲಿ ಒಂದು ದರ್ಶನವೇ ಅಡಗಿದೆ.

ಕಾಯಿದೆಯ ಭಾಷೆಯಲ್ಲಿಯೂ ಇಂತಹ ಎಚ್ಚರವು ಅಗತ್ಯ. ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ. ಅದರಲ್ಲಿ ‘ದೈಹಿಕ’ ಎಂಬ ವರ್ಗವು ಕೈಕಾಲುಗಳ ನ್ಯೂನತೆಗೆ ಸೀಮಿತವಲ್ಲ. ದೃಷ್ಟಿ, ಶ್ರವಣ, ವಾಕ್ಕುಗಳ ನ್ಯೂನತೆಗಳೂ ಅದರಲ್ಲಿ ಸೇರುತ್ತವೆ. ‘ದೈಹಿಕ’ವೆಂದರೆ ಕುಂಟುವುದು ಮಾತ್ರವೆಂದು ಭಾವಿಸಿದ ಪಾಲಕನು ಕಿವಿ ಕೇಳದ ಮಗುವಿಗೆ ದೊರೆಯಬೇಕಾದ ಸೌಲಭ್ಯವನ್ನು ಕೇಳದೆಯೇ ಉಳಿದುಬಿಡಬಹುದು.

2020ರ ಮಹಾಮಾರಿಯ ಕಾಲದಲ್ಲಿ ‘ಸಾಮಾಜಿಕ ಅಂತರ’ ಎಂಬ ಪದಪುಂಜವು ಮನೆಮನೆಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ ‘ಫಿಸಿಕಲ್’ ಎಂಬ ವಿಶೇಷಣವನ್ನು ಮುಂದಿಟ್ಟು, ದೂರವಿರಬೇಕಾದದ್ದು ದೇಹಗಳು ಮಾತ್ರ, ಮನಸ್ಸುಗಳಲ್ಲವೆಂದು ಸೂಚಿಸಿತು. ಅಸ್ಪೃಶ್ಯತೆಯ ಗಾಯ ಇನ್ನೂ ಮಾಯದ ನಾಡಿನಲ್ಲಿ ‘ಸಾಮಾಜಿಕ ಅಂತರ’ವನ್ನು ಗೋಡೆಗಳ ಮೇಲೆ ಬರೆಯುವುದಕ್ಕಿಂತ ‘ದೈಹಿಕ ಅಂತರ’ವೆಂದು ಬರೆಯುವುದು ಅರ್ಥದಲ್ಲಿಯೂ ಔಚಿತ್ಯದಲ್ಲಿಯೂ ಮೇಲಾದುದಾಗಿತ್ತು.

ಪ್ರಯೋಗಸೂತ್ರ

ಇಷ್ಟು ಅರ್ಥಗಳಲ್ಲಿ ಯಾವುದನ್ನು ಎಲ್ಲಿ ಆರಿಸಬೇಕು? ನಿಘಂಟು ಪರ್ಯಾಯಗಳನ್ನು ಕೊಡುತ್ತದೆ, ಆಯ್ಕೆಯನ್ನು ಮಾಡಿಕೊಡುವುದಿಲ್ಲ. ತರ್ಕಶಾಸ್ತ್ರದ ‘ಪ್ರತಿಯೋಗಿ’ ಎಂಬ ಕಲ್ಪನೆಯು ಇಲ್ಲಿ ಸಹಾಯಕ್ಕೆ ಬರುತ್ತದೆ. ಶಬ್ದವು ತನ್ನ ಎದುರಿಗೆ ಯಾವುದನ್ನು ನಿಲ್ಲಿಸಿಕೊಂಡಿದೆ ಎಂದು ಕೇಳಬೇಕು. ಎದುರಿಗೆ ಮನಸ್ಸಿದ್ದರೆ ‘ದೈಹಿಕ’ ಅಥವಾ ‘ಶಾರೀರಿಕ’. ರಾಸಾಯನಿಕವಿದ್ದರೆ ‘ಭೌತಿಕ’. ರಾಜಕೀಯವಿದ್ದರೆ ‘ಪ್ರಾಕೃತಿಕ’. ಆನುವಂಶಿಕವಿದ್ದರೆ ಹೊರಗಿನ ರೂಪವನ್ನು ಹೇಳುವ ‘ಭೌತಿಕ’. ಪಾರಮಾರ್ಥಿಕವಿದ್ದರೆ ‘ಐಹಿಕ’ ಅಥವಾ ‘ಲೌಕಿಕ’. ಗಣಕಯಂತ್ರದ ಪರದೆಯಿದ್ದರೆ ತತ್ಸಮದ ಗೊಡವೆಯೇ ಬೇಡ: ‘ಫಿಸಿಕಲ್’ ಹಾಜರಿಯು ‘ಖುದ್ದು ಹಾಜರಿ’, ‘ಫಿಸಿಕಲ್’ ಪ್ರತಿಯು ‘ಕಾಗದದ ಪ್ರತಿ’. ವರ್ಷಾಂತ್ಯದಲ್ಲಿ ಶಾಲೆಯ ದಾಸ್ತಾನಿನ ‘ಭೌತಿಕ ಪರಿಶೀಲನೆ’ ಎಂದು ಕಡತದಲ್ಲಿ ಬರೆಯುವ ಕೆಲಸವನ್ನು ಜವಾನನಿಗೂ ತಿಳಿಯುವಂತೆ ‘ಕಣ್ಣಾರೆ ಕಂಡು ಎಣಿಸುವುದು’ ಎಂದರೆ ಲೆಕ್ಕಕ್ಕೆ ಯಾವ ಕೊರತೆಯೂ ಆಗದು.

ತರಗತಿಯಲ್ಲಿ ಶಿಕ್ಷಕರು ‘ಫಿಸಿಕಲ್ ಎಂದರೆ ದೈಹಿಕ’ ಎಂದು ಒಂದಕ್ಕೊಂದು ಗಂಟುಹಾಕಿ ಹೇಳಿಕೊಡುವ ಬದಲು, ಮೈದಾನ, ಮೆಣಸಿನ ಕಣ, ನಕ್ಷೆ, ಬೀಜದ ಚೀಲ ಎಂಬ ನಾಲ್ಕು ಸಂದರ್ಭಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಪ್ರತಿಯೋಗಿಯನ್ನು ಮಕ್ಕಳಿಂದಲೇ ಹೇಳಿಸಿ, ವಾಕ್ಯವನ್ನು ಬರೆಯಿಸುವುದು ಯುಕ್ತ. ಹಾಗೆ ಕಲಿತ ವಿದ್ಯಾರ್ಥಿಯು ನಾಳೆ ಆಂಗ್ಲ ಮಾಧ್ಯಮದ ಕಾಲೇಜಿಗೆ ಹೋದಾಗ ಶಬ್ದಕ್ಕೆ ಅಂಜುವುದಿಲ್ಲ. ಊರಿನಲ್ಲಿಯೇ ಉಳಿದು ಒಕ್ಕಲುತನ ಮಾಡಿದರೆ ಬೀಜದ ಚೀಟಿಯನ್ನು ಓದಿ ವಿವರ ಕೇಳಿದ ಬಳಿಕವೇ ಚೀಲವನ್ನು ಕೊಳ್ಳುತ್ತಾನೆ.