ಕತ್ತಿಯ ಹಿಡಿ ಸಡಿಲವಾದಾಗ

ಮಲೆನಾಡಿನ ರೈತನ ಕತ್ತಿಯ ಹಿಡಿ ಮಳೆಗಾಲದಲ್ಲಿ ಬಿಗಿಯಾಗಿದ್ದು ಬೇಸಗೆಯಲ್ಲಿ ಅಲುಗಾಡತೊಡಗುವುದುಂಟು. ಕೂಡಲೆ ಅದನ್ನು ನೀರಿನಲ್ಲಿ ನೆನೆಹಾಕುವವರಿದ್ದಾರೆ. ಇದು ಸರಿಯೆ?

ಮರವು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಸಿಮರ ಪೂರ್ತಿ ಒಣಗುವಾಗ ಎಳೆಗಳ ಉದ್ದಕ್ಕೆ ಸಾಮಾನ್ಯವಾಗಿ ಶೇಕಡಾ 0.1ರಿಂದ 0.2ರಷ್ಟು ಮಾತ್ರ ಕುಗ್ಗಿದರೆ, ಅಡ್ಡಲಾಗಿ ಶೇಕಡಾ 3ರಿಂದ 10ರವರೆಗೂ ಕುಗ್ಗಬಹುದು. ಹಿಡಿಯೊಳಗೆ ಸೇರಿರುವ ಕಬ್ಬಿಣದ ಬಾಲಕ್ಕೆ ಈ ಗುಣವಿಲ್ಲ. ನೆನೆದ ಮರ ಕಬ್ಬಿಣಕ್ಕೆ ಒತ್ತಿಕೊಂಡಾಗ ಅದರ ಎಳೆಗಳೇ ಜಜ್ಜಿಹೋಗುತ್ತವೆ; ಮತ್ತೆ ಒಣಗಿದಾಗ ರಂಧ್ರವು ಮೊದಲಿಗಿಂತಲೂ ಅಗಲವಾಗುತ್ತದೆ.

ಅಲಗಿಗೆ ದಪ್ಪ ಗೋಣಿಯನ್ನು ಸುತ್ತಿ ಹಿಡಿಯನ್ನು ಅಲುಗಿಸಿ ನೋಡಿ. ಬಾಲ ಪಕ್ಕಕ್ಕೆ ಆಡಿದರೆ ರಂಧ್ರ ಸವೆದಿದೆ. ಹಿಡಿಯ ಬಾಯಿಗೆ ತೊಡಿಸಿದ ಲೋಹದ ಬಳೆ ತಿರುಗಿದರೆ ಮರ ಕುಗ್ಗಿದೆ. ಉದ್ದನೆಯ ಬಿರುಕು ಕಂಡರೆ ಹೊಸ ಹಿಡಿಯೇ ಬೇಕು.

ಬಿರುಕಿಲ್ಲದಿದ್ದರೆ ಹಿಡಿಯನ್ನು ಕಳಚಿ, ಬಾಲದ ತುಕ್ಕನ್ನು ಉಜ್ಜಿ, ಮರವನ್ನು ನೆರಳಿನಲ್ಲಿ ಒಣಗಿಸಿ. ಅರಗಿನ ಪುಡಿಗೆ ನುಣ್ಣನೆಯ ಇಟ್ಟಿಗೆಪುಡಿಯನ್ನು ಬೆರಸಿ ರಂಧ್ರಕ್ಕೆ ತುಂಬಿ. ಅಲಗಿಗೆ ಒದ್ದೆ ಬಟ್ಟೆಯನ್ನು ಸುತ್ತಿ, ಬಾಲವನ್ನು ಮಾತ್ರ ಅರಗು ಕರಗುವಷ್ಟು ಕಾಯಿಸಿ ಒಳಕ್ಕೊತ್ತಿ, ಆರುವವರೆಗೆ ನೆಟ್ಟಗೆ ಹಿಡಿದಿರಿ. ಬಳೆಯ ಸಂದಿಗೂ ಅರಗನ್ನೇ ತುಂಬಬಹುದು. ಅಲಗು ನೀಲಿಗೆ ತಿರುಗುವಷ್ಟು, ಎಂದರೆ ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ಉಕ್ಕಿನ ಗಡಸುತನ ಕುಂದುತ್ತದೆ. ಅರಗು ಕಾವಿಗೆ ಮೆದುವಾಗುವುದರಿಂದ ಕತ್ತಿಯನ್ನು ಒಲೆಯ ಬಳಿ ಇಡಬಾರದು.

ಬೀಸುವಾಗ ಹಿಡಿಯಿಂದ ಕಳಚಿದ ಅಲಗು ಜಡತ್ವದಿಂದಾಗಿ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಎದುರಿಗಿದ್ದವರ ಪ್ರಾಣಕ್ಕೇ ಅಪಾಯ. ಆದುದರಿಂದ ಅಲುಗಾಡುವ ಕತ್ತಿಯನ್ನು ಸರಿಪಡಿಸದೆ ಒಮ್ಮೆಯೂ ಬೀಸಬಾರದು.